ಕುಂಡದ ಹೊರಗೆ ಬಣ್ಣ ಹಚ್ಚೋ ಮೊದಲು ಒಳಗೆ ನೋಡಿ

ಅಪ್ಪಂದಿರ ದಿನ ಬಂತು ಅಂದ್ರೆ ಕೈಯಾರೆ ಬಣ್ಣ ಬಳಿದ ಮಣ್ಣಿನ ಕುಂಡಗಳ ವಿಡಿಯೊ ಶುರು. ಉಡುಗೊರೆ ಚೆಂದದ್ದೇ, ನನ್ನ ತಕರಾರು ಅದಕ್ಕಲ್ಲ. ಈಗಷ್ಟೇ ನೋಡಿದ ವಿಡಿಯೊದಲ್ಲಿ ಹೊಸ ಕುಂಡಕ್ಕೆ ನೇರ ಪೋಸ್ಟರ್ ಕಲರ್ ಬಳಿದು, ತಳದ ತೂತಿಗೆ ಟೇಪ್ ಅಂಟಿಸಿ, ಗಿಡ ನೆಟ್ಟುಬಿಟ್ಟರು. ಒಳಮೈ ಬಗ್ಗೆ ಒಂದೇ ಒಂದು ಮಾತಿಲ್ಲ. ಸಿಟ್ಟು ಬಂದಿದ್ದು ಅದಕ್ಕೆ.

ಸುಟ್ಟ ಮಣ್ಣು ನೀರು ಹೀರುತ್ತೆ. ಒಳಗೆ ಹಾಕಿದ ನೀರು ಗೋಡೆ ದಾಟಿ ಹೊರಮೈಗೆ ಬಂದು ಆರುತ್ತೆ, ಬರುವಾಗ ಮಣ್ಣು-ಗೊಬ್ಬರದ ಲವಣಾನೂ ಹೊತ್ತು ತರುತ್ತೆ. ಹೊರಗೆ ಬಣ್ಣ ಇದ್ದರೆ ಅದೆಲ್ಲ ಬಣ್ಣದ ಹಿಂದೆ ನಿಲ್ಲುತ್ತೆ. ಮೊದಲು ತಳದ ಸುತ್ತ ಬಿಳಿ ಪುಡಿ, ಆಮೇಲೆ ಉಗುರಿನಷ್ಟಗಲದ ಗುಳ್ಳೆ, ಮುಟ್ಟಿದರೆ ಚಕ್ಕೆ. ಹೊರಗೆ ಎಷ್ಟೇ ವಾರ್ನಿಶ್ ಹೊಡೆದರೂ ಇದು ನಿಲ್ಲಲ್ಲ, ಯಾಕಂದ್ರೆ ನೀರು ಬರ್ತಿರೋದು ಒಳಗಿಂದ.

ಹಾಗಾಗಿ ಕೆಲಸ ಒಳಗಿಂದಲೇ ಶುರುವಾಗಬೇಕು. ಎಂಟು ಇಂಚಿನ ಕುಂಡ ಸಾಕು. ಬೆರಳಲ್ಲಿ ತಟ್ಟಿ ನೋಡಿ, ಟಣ್ ಅನ್ನಬೇಕು; ಬಿರುಕಿದ್ದರೆ ಸದ್ದು ಮಂಕಾಗಿರುತ್ತೆ. ಬ್ರಷ್ ಹಾಕಿ ತೊಳೆದು ಎರಡು ಮೂರು ದಿನ ಬಿಸಿಲಲ್ಲಿ ಒಣಗಿಸಿ. ಅಂಚು, ಗಂಟುಗಳನ್ನು 120ನೇ ನಂಬರ್ ಉಪ್ಪುಕಾಗದದಲ್ಲಿ ತಿಕ್ಕಿ, ಧೂಳು ಒರೆಸಿ. ಒಳಗೆ ಪಾರದರ್ಶಕ ಅಕ್ರಿಲಿಕ್ ಸೀಲರ್ (ಮಣ್ಣು ನೀರು ಹೀರದಂತೆ ತಡೆಯೋ ಲೇಪ) ಎರಡು ಕೋಟ್, ತಳಕ್ಕೂ ಸೇರಿಸಿ. ತೂತಿನ ಒಳಗೋಡೆಗೂ ಬ್ರಷ್ ತಿರುಗಿಸಿ, ಆದರೆ ತೂತು ಮುಚ್ಚಬೇಡಿ.

ತೂತೇ ಇಲ್ಲದ ಕುಂಡ ಸಿಕ್ಕಿದ್ದರೆ, ತೊಳೆಯೋ ದಿನವೇ ಒಂದು ಗಂಟೆ ನೀರಲ್ಲಿ ನೆನೆಸಿಟ್ಟು, ಡ್ರಿಲ್‌ಗೆ ಗೋಡೆ ಕೊರೆಯೋ ಬಿಟ್ ಹಾಕಿ ನಿಧಾನಕ್ಕೆ ಕೊರೀರಿ. ಮೊದಲು ಸಣ್ಣ ಬಿಟ್, ಆಮೇಲೆ 10 ಮಿ.ಮೀ. ಹ್ಯಾಮರ್ ಮೋಡ್ ಹಾಕಿದಿರೋ, ಕುಂಡ ಎರಡು ಹೋಳು.

ಹೊರಗಡೆಗೆ ಪೋಸ್ಟರ್ ಕಲರ್ ಬೇಡವೇ ಬೇಡ, ನೀರು ತಾಗಿದರೆ ಇಳಿಯುತ್ತೆ. ಅಕ್ರಿಲಿಕ್ ಹಚ್ಚಿ. ಪೂರ್ತಿ ಬಣ್ಣ ಬಳಿಯೋದಾದರೆ ಮೊದಲು ಬಿಳಿ ಪ್ರೈಮರ್. ನನ್ನ ಕೇಳಿದರೆ ಆ ಕೆಂಪನ್ನು ಮುಚ್ಚಲೇಬಾರದು. ಮಲೆನಾಡಿನ ದೀವರ ಸಮುದಾಯದ ಹಸೆ ಚಿತ್ತಾರ ನೋಡಿದ್ದೀರಲ್ಲ, ಕೆಮ್ಮಣ್ಣು ಬಳಿದ ಗೋಡೆ ಮೇಲೆ ಪುಂಡಿ ನಾರಿನ ಕುಂಚದಲ್ಲಿ ಎಳೆದ ಅಕ್ಕಿಹಿಟ್ಟಿನ ಬಿಳಿ ಗೆರೆ. ಕುಂಡದ ಬಣ್ಣ ಹೆಚ್ಚುಕಮ್ಮಿ ಅದೇ ಕೆಂಪು. ಅಕ್ಕಿಹಿಟ್ಟು ನೀರಿಗೆ ನಿಲ್ಲಲ್ಲ ಅಂತ ಬಿಳಿ ಅಕ್ರಿಲಿಕ್ ತಗೊಳ್ಳಿ, ಸೊನ್ನೆ ನಂಬರ್ ಬ್ರಷ್. ಬಾಯಿಯ ಸುತ್ತಳತೆಯನ್ನು ದಾರದಲ್ಲಿ ಅಳೆದು, ದಾರವನ್ನು ಎಂಟಾಗಿ ಮಡಚಿ ಗುರುತು ಹಾಕಿಕೊಳ್ಳಿ. ಇಲ್ಲದಿದ್ದರೆ ಸುತ್ತಿ ಬಂದಾಗ ಕೊನೇ ನಕ್ಷೆಗೆ ಜಾಗ ಸಾಲಲ್ಲ. ಗೆರೆ ಒಣಗಿದ ಮೇಲೆ ಹೊಳಪಿಲ್ಲದ ವಾರ್ನಿಶ್ ಎರಡು ತೆಳು ಕೋಟ್. ಕನ್ನಡಿ ಬಿಲ್ಲೆ ಅಂಟಿಸೋರು ಬಿಳಿ ಗೋಂದು ಬಿಟ್ಟು ಎಪಾಕ್ಸಿ ಬಳಸಿ.

"ಮಕ್ಕಳು ಪ್ರೀತಿಯಿಂದ ಮಾಡಿದ್ದು, ಇಷ್ಟೆಲ್ಲ ಯಾಕೆ" ಅಂತೀರಿ. ಪ್ರೀತಿಯಿಂದ ಮಾಡಿದ್ದು ಅಂತಲೇ ಇಷ್ಟೆಲ್ಲ ಹೇಳ್ತಿರೋದು. ದಿನಾ ಬೆಳಗ್ಗೆ ಅದಕ್ಕೆ ನೀರು ಹಾಕೋರು ಅಪ್ಪ. ಮಗಳು ಬರೆದ ಚಿತ್ರ ಅವರು ಹಾಕಿದ ನೀರಿಂದಲೇ ಉದುರಬೇಕಾ? ಸೀಲರ್ ಸಿಗದಿದ್ದರೆ ಸುಲಭದ ದಾರಿ ಇದೆ: ಗಿಡವನ್ನು ನರ್ಸರಿಯ ಪ್ಲಾಸ್ಟಿಕ್ ಕುಂಡದಲ್ಲೇ ಬಿಟ್ಟು ಇದರೊಳಗೆ ಇಳಿಸಿ.

ಮಣ್ಣು ಎರಡು ಪಾಲು, ಗೊಬ್ಬರ ಒಂದು ಪಾಲು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು. ತೂತಿನ ಮೇಲೆ ಒಂದು ಬೋಕಿ ಚೂರು ಬೋರಲು ಹಾಕಿ, ಜಲ್ಲಿ ಪದರ ಬೇಡ. ದೊಡ್ಡಪತ್ರೆ ಒಳ್ಳೇ ಆಯ್ಕೆ, ಒಂದು ಕಡ್ಡಿ ಸಿಗಿಸಿದರೆ ಸಾಕು. ಒಳಗೆ ಸೀಲ್ ಮಾಡಿದ ಕುಂಡ ಬೇಗ ಆರಲ್ಲ, ಮೇಲಿನ ಒಂದಿಂಚು ಮಣ್ಣು ಒಣಗಿದ ಮೇಲಷ್ಟೇ ನೀರು ಅಂತ ಅಪ್ಪನಿಗೆ ಹೇಳಿ ಕೊಡಿ. ವಾರ್ನಿಶ್ ಗಟ್ಟಿಯಾಗಲು ವಾರ ಬಿಡಬೇಕು, ಜೂನಿನ ಮಳೆಗೆ ಇನ್ನೂ ಜಾಸ್ತಿ. ಅಪ್ಪಂದಿರ ದಿನಕ್ಕೆ, ಅಂದ್ರೆ ಜೂನ್ ಮೂರನೇ ಭಾನುವಾರಕ್ಕೆ, ಕೊಡಬೇಕಿದ್ದರೆ ಮೇ ಕೊನೆಯ ಬಿಸಿಲಲ್ಲೇ ಕುಂಡ ತೊಳೆದಿಡಿ.