ಹನ್ನೆರಡನೆಯ ತೊಲೆ

ಕಳೆದ ವಾರ ಗೆಳೆಯರೊಡನೆ ಊಟಕ್ಕೆ ಹೋಗಿದ್ದ ಹೋಟೆಲೊಂದರಲ್ಲಿ ಹಳೆಯದೊಂದು ಓಕ್ ತೊಲೆಯನ್ನು ಗೋಡೆಗೆ ಅಡ್ಡಲಾಗಿ, ತಲೆಯೆತ್ತರದಲ್ಲಿ ಅಲಂಕಾರಕ್ಕೆಂದು ಕೂರಿಸಿದ್ದರು. ಪಶ್ಚಿಮದ ದೇಶಗಳಲ್ಲಿ ರೈತರು ಕಾಳು, ಹುಲ್ಲು ಇಡಲು ಕಟ್ಟುವ ದೊಡ್ಡ ಕಟ್ಟಡಕ್ಕೆ ಬಾರ್ನ್ ಎನ್ನುತ್ತಾರೆ; ಅಂಥ ಹಳೆಯದೊಂದನ್ನು ಬಿಚ್ಚಿ ತಂದ ಮರವಂತೆ. ಜೊತೆಗಿದ್ದವರೆಲ್ಲ ಅದರ ಬೂದುಗಂದು ಬಣ್ಣವನ್ನು ಹೊಗಳಿದರು. ನನ್ನ ಕಣ್ಣು ಹೋದದ್ದು ಅದರ ಎಡತುದಿಗೆ. ಉಳಿಯಿಂದ ಹೊಡೆದ ಒಂದು ಗುಣಾಕಾರದ ಗುರುತು, ಪಕ್ಕದಲ್ಲಿ ಎರಡು ನೇರ ಗೀರು. ರೋಮನ್ ಅಂಕಿಯಲ್ಲಿ ಹನ್ನೆರಡು. ಅದರ ಕೆಳಗೆ ಹೆಬ್ಬೆರಳು ತೂರುವಷ್ಟು ಅಗಲದ ಒಂದು ತೂತು. ಆಮೇಲೆ ನನಗೆ ಊಟ ರುಚಿಸಲಿಲ್ಲ.

ಆ ಗುರುತು ಬಡಗಿಯದು. ಬಾರ್ನ್ ಕಟ್ಟುವವರು ಮೊದಲು ಇಡೀ ಚೌಕಟ್ಟನ್ನು ನೆಲದ ಮೇಲೆ ಹರಡಿ, ಜೋಡಿಸಿ ನೋಡಿ, ಯಾವ ತೊಲೆ ಯಾವ ಕಂಬಕ್ಕೆ ಎಂದು ಅಂಕಿ ಹಾಕಿ, ಮತ್ತೆ ಬಿಚ್ಚಿ ಎತ್ತಿ ನಿಲ್ಲಿಸುತ್ತಿದ್ದರು. ರೋಮನ್ ಅಂಕಿಗಳಲ್ಲಿ ಚಿಕ್ಕ ಸಂಖ್ಯೆಗಳಿಗೆ ಇರುವುದು ನೇರ ಗೆರೆಗಳೇ ಆದ್ದರಿಂದ ಉಳಿಗೆ ಅವು ಸುಲಭ. ಹನ್ನೆರಡು ಎಂದು ಬರೆದಿರುವ ತೊಲೆಗೆ ಹನ್ನೆರಡು ಎಂದೇ ಬರೆದ ಜೊತೆಮರವೊಂದು ಎಲ್ಲಿಯೋ ಇದೆ. ಅಥವಾ ಇತ್ತು.

ಬಾರ್ನ್ ಎಂದರೆ ಕಣ, ಕಣಜ, ಹುಲ್ಲಿನ ಅಟ್ಟ, ಎಷ್ಟೋ ಕಡೆ ಕೊಟ್ಟಿಗೆಯೂ ಸೇರಿ ಒಂದೇ ಸೂರಿನಡಿ ಇರುವ ಕಟ್ಟಡ. ಚಿತ್ರಗಳಲ್ಲಿ ಎಲ್ಲರೂ ನೋಡಿರುತ್ತಾರೆ: ಹಸಿರು ಹೊಲದ ನಡುವೆ ಕೆಂಪು ಗೋಡೆ, ಎತ್ತರದ ಇಳಿಜಾರು ಮಾಡು, ಹಿಂದೆ ಬೆಟ್ಟ. ಅಮೆರಿಕದ ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನದಲ್ಲಿರುವ ಮೌಲ್ಟನ್ ಬಾರ್ನ್‌ನ ಮುಂದೆ ಬೆಳಗಾಗುವ ಮೊದಲೇ ಛಾಯಾಗ್ರಾಹಕರು ಬಂದು ನಿಂತಿರುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಈ ಚೆಲುವಿನಲ್ಲಿ ಚೆಲುವಿಗಾಗಿ ಮಾಡಿದ್ದು ಬಹುಮಟ್ಟಿಗೆ ಏನೂ ಇಲ್ಲ ಎಂಬುದು ತಿಳಿದ ಮೇಲೆ ಆ ನೋಟ ನನಗೆ ನೂರು ಪಟ್ಟು ಹಿರಿದಾಯಿತು.

ಆ ಕೆಂಪನ್ನೇ ತೆಗೆದುಕೊಳ್ಳಿ. ಮರವನ್ನು ಮಳೆಯಿಂದ ಕಾಪಾಡಲು ಅಗಸೆ ಎಣ್ಣೆ ಬಳಿಯುತ್ತಿದ್ದರು. ಅದಕ್ಕೆ ಅಗ್ಗವಾಗಿ ಸಿಗುತ್ತಿದ್ದ ಕಬ್ಬಿಣದ ತುಕ್ಕಿನ ಕೆಮ್ಮಣ್ಣು ಸೇರಿತು. ಸ್ವೀಡನ್ನಿನ ಹಳ್ಳಿಗಳ ಹೆಸರಾಂತ ಕೆಂಪು ಬಂದದ್ದು ಫಾಲುನ್‌ನ ತಾಮ್ರದ ಗಣಿಯಿಂದ, ತಾಮ್ರ ತೆಗೆದ ಮೇಲೆ ಉಳಿದ ಮಣ್ಣಿನಿಂದ. ಇನ್ನು ಎದುರುಬದುರು ಇರುವ ದೊಡ್ಡ ಬಾಗಿಲುಗಳು. ಗಾಳಿ ಬಂದಾಗ ತೂರಿಕೋ ಎನ್ನುತ್ತೇವಲ್ಲ, ಆ ಮಾತಿಗೇ ಕಟ್ಟಿದ ಕಟ್ಟಡ ಇದು. ಎರಡು ಬಾಗಿಲುಗಳ ನಡುವಿನ ನೆಲವೇ ಒಕ್ಕಣೆಯ ಕಣ. ಬಡಿಗೆಯಿಂದ ತೆನೆ ಬಡಿದು, ಎರಡೂ ಬಾಗಿಲು ತೆರೆದು ತೂರಿದರೆ ನಡುವೆ ಹಾಯುವ ಗಾಳಿ ಹೊಟ್ಟನ್ನು ಒಯ್ಯುತ್ತದೆ, ಕಾಳು ಕಾಲ ಬಳಿ ಬೀಳುತ್ತದೆ.

ಗೋಡೆಯ ಕಿಂಡಿಗಳ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಹಸಿ ಆರದ ಹುಲ್ಲನ್ನು ಒಟ್ಟಿದರೆ ಅದು ಒಳಗೊಳಗೇ ಕಾವೇರಿ, ಕೊನೆಗೆ ತಾನಾಗಿ ಹೊತ್ತಿಕೊಳ್ಳುವುದೂ ಉಂಟು. ಅದಕ್ಕೇ ಕಲ್ಲಿನ ಬಾರ್ನ್‌ಗಳ ಗೋಡೆಯುದ್ದಕ್ಕೂ ಸಪೂರ ಕಿಂಡಿಗಳಿರುತ್ತವೆ. ಎಷ್ಟೋ ಕಡೆ ಅವು ಹೊರಗೆ ಅಂಗೈಯಷ್ಟು, ಒಳಗೆ ತೋಳುದ್ದದಷ್ಟು ಅಗಲ. ಮಳೆ ಬಾರದು, ಗಾಳಿ ಬರುತ್ತದೆ. ನಾನೊಮ್ಮೆ ಅಂಥ ಗೋಡೆಯ ಒಳಗೆ ಇಳಿಹೊತ್ತಿನಲ್ಲಿ ನಿಂತಿದ್ದೆ. ಪ್ರತಿ ಕಿಂಡಿಯಿಂದಲೂ ಒಂದೊಂದು ಬಿಸಿಲುಕೋಲು ಒಳಗೆ ಬಂದು, ಬರುಬರುತ್ತ ಅಗಲವಾಗಿ, ನೆಲದ ಮೇಲೆ ಒರಗಿತ್ತು. ಅದರಲ್ಲಿ ಹೊಟ್ಟಿನ ಧೂಳು ಮೇಲಕ್ಕೂ ಹೋಗದೆ ಕೆಳಕ್ಕೂ ಇಳಿಯದೆ ತೇಲುತ್ತಿತ್ತು. ಒಣಹುಲ್ಲಿನ ವಾಸನೆ. ಮಾತಾಡಬೇಕೆನಿಸಲಿಲ್ಲ. ಹುಲ್ಲು ಸುಡದಿರಲಿ ಎಂದು ಯಾರೋ ಬಿಟ್ಟ ಕಿಂಡಿ, ಆ ಹೊತ್ತಿನಲ್ಲಿ ನನಗೆ ಯಾವ ಗುಡಿಗೂ ಕಡಿಮೆಯೆನಿಸಲಿಲ್ಲ.

ಮಾಡಿನ ತ್ರಿಕೋನದ ತುದಿಯಲ್ಲಿ ಇನ್ನೊಂದು ಕಿಂಡಿ ಇರುತ್ತದೆ, ಅದು ಗೂಬೆಗೆ. ಇಲಿಗಳ ಕಾಟ ತಡೆಯಲು ಮನುಷ್ಯನೇ ಗೂಬೆಗೆ ಬಾಗಿಲಿಟ್ಟು ಕರೆದ. ಕಣಜ ಗೂಬೆ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ತೊಲೆಗಳಿಗೆ ಕೆಸರಿನ ಗೂಡು ಅಂಟಿಸುವ ಕವಲುಬಾಲದ ಬಾರ್ನ್ ಸ್ವಾಲೋ ಹಕ್ಕಿಯಂತೂ ಈಗ ಬಹುಪಾಲು ಮನುಷ್ಯ ಕಟ್ಟಿದ ಸೂರುಗಳಲ್ಲಿಯೇ ಗೂಡು ಕಟ್ಟುತ್ತದೆ. ಒಂದು ಬಾರ್ನ್ ಬಿದ್ದರೆ ಮನೆ ಕಳೆದುಕೊಳ್ಳುವವರ ಲೆಕ್ಕದಲ್ಲಿ ಇವೂ ಇವೆ.

ಬಡಗಿಯ ಕೆಲಸಕ್ಕೆ ಮತ್ತೆ ಬರುತ್ತೇನೆ, ನನ್ನ ಮನಸ್ಸು ಇರುವುದೇ ಅಲ್ಲಿ. ಒಣಗಿದ ಓಕ್ ಉಳಿಗೆ ಸುಲಭವಾಗಿ ಬಗ್ಗದು, ಆದ್ದರಿಂದ ಹಸಿಮರದಲ್ಲಿಯೇ ಕೆಲಸ. ಒಂದು ಮರದ ತುದಿಯನ್ನು ನಾಲಿಗೆಯಂತೆ ಕೆತ್ತಿ, ಇನ್ನೊಂದರಲ್ಲಿ ಅದಕ್ಕೆ ತಕ್ಕ ಕುಳಿ ತೋಡುತ್ತಿದ್ದರು. ಗೂಟಕ್ಕೆ ತೂತು ಕೊರೆಯುವಾಗ ಎರಡು ಮರಗಳ ತೂತುಗಳು ಬೇಕೆಂದೇ ತುಸು ಹಿಂದುಮುಂದಾಗಿರುತ್ತಿದ್ದವು. ಗೂಟ ಬಡಿದಾಗ ಅದು ಆ ಓರೆದಾರಿಯಲ್ಲಿ ನುಗ್ಗಿ, ನಾಲಿಗೆಯನ್ನು ಕುಳಿಯೊಳಗೆ ಎಳೆದು ಬಿಗಿಯುತ್ತದೆ. ವರ್ಷಗಳು ಕಳೆದು ಮರ ಒಣಗುತ್ತ, ಕುಗ್ಗುತ್ತ, ತಿರುಚುತ್ತ ಹೋದರೂ ಸಂದು ಬಿಡುವುದಿಲ್ಲ. ಲಂಡನ್ನಿನ ಪಶ್ಚಿಮದ ಅಂಚಿನಲ್ಲಿ, ಹಾರ್ಮಂಡ್ಸ್‌ವರ್ತ್ ಎಂಬಲ್ಲಿ 1426ರಲ್ಲಿ ಕಟ್ಟಿದ ಸುಮಾರು 58 ಮೀಟರ್ ಉದ್ದದ ಬಾರ್ನ್ ಇದೆ. ಅದರ ಕಂಬ ತೊಲೆಗಳಲ್ಲಿ ಹೆಚ್ಚಿನವು ಇಂದಿಗೂ ಮೊದಲಿನವೇ. ಕವಿ ಜಾನ್ ಬೆಟ್ಜಮನ್ ಅದನ್ನು ಮಿಡ್ಲ್‌ಸೆಕ್ಸ್‌ನ (ಆ ಸೀಮೆಯ ಹಳೆಯ ಹೆಸರು) ಕೆಥೆಡ್ರಲ್, ಎಂದರೆ ಮಹಾ ಚರ್ಚು, ಎಂದು ಕರೆದಿದ್ದ.

ಇಂಥವು ಬೀಳುತ್ತಿರುವುದಕ್ಕೆ ಕಾರಣವೂ ಕೆಲಸವೇ. ಕೊಯ್ಲು ಒಕ್ಕಣೆ ಎರಡನ್ನೂ ಒಂದೇ ಯಂತ್ರ ಹೊಲದಲ್ಲಿಯೇ ಮುಗಿಸುತ್ತದೆ. ಇಂದಿನ ಟ್ರ್ಯಾಕ್ಟರ್ ಎಷ್ಟೋ ಹಳೆಯ ಬಾಗಿಲುಗಳಲ್ಲಿ ಹಿಡಿಸುವುದಿಲ್ಲ. ಹುಲ್ಲಿನ ಸುರುಳಿಗಳನ್ನು ಅಟ್ಟಕ್ಕೆ ಏರಿಸುವ ಬದಲು ಪ್ಲಾಸ್ಟಿಕ್ ಸುತ್ತಿ ಹೊರಗೇ ಇಡುತ್ತಾರೆ. ರೈತನನ್ನು ನಾನು ದೂರಲಾರೆ. ಉಪಯೋಗಕ್ಕೆ ಬಾರದ ಕಟ್ಟಡಕ್ಕೆ ಹೊಸ ಮಾಡು ಹೊದಿಸು ಎಂದು ಹೇಳುವ ಹಕ್ಕು ನನಗಿಲ್ಲ. ನೆಲಕ್ಕೆ ಕುಸಿದ ಬಾರ್ನ್‌ನ ಮರವನ್ನು ಯಾರಾದರೂ ಮೇಜು ಮಾಡಿಕೊಂಡರೆ ಅದು ಕೊಳೆಯುವುದಕ್ಕಿಂತ ಒಳ್ಳೆಯದೇ. ನನ್ನ ಸಂಕಟ ಬೇರೆ. ಇನ್ನೂ ನೆಟ್ಟಗೆ ನಿಂತಿರುವುದನ್ನು ಬಣ್ಣದ ಮೋಹಕ್ಕೆ ಬಿಚ್ಚಿ ಅಡಿಲೆಕ್ಕದಲ್ಲಿ ಮಾರುತ್ತಾರೆ. ಗೋಡೆಯ ಅಂದಕ್ಕಾಗಿ ಕಟ್ಟಡವನ್ನೇ ತಿನ್ನುವುದನ್ನು ಪ್ರೀತಿ ಎಂದು ನಾನು ಒಪ್ಪುವುದಿಲ್ಲ.

ಉಳಿಸಬೇಕೆಂದರೆ ಮೊದಲು ನೋಡಬೇಕಾದದ್ದು ಮಾಡನ್ನು. ಒಂದು ಹೆಂಚು ಜಾರಿದರೆ ಸಾಕು, ನೀರು ಗೋಡೆಯ ನೆತ್ತಿಯ ಮರಕ್ಕೆ ಇಳಿದು, ಜಂತೆಗಳ ಬುಡ ಕೊಳೆತು, ಚೌಕಟ್ಟು ಹೊರಕ್ಕೆ ವಾಲುತ್ತದೆ. ಹಾರ್ಮಂಡ್ಸ್‌ವರ್ತ್‌ನ ಬಾರ್ನ್ ಕೂಡ ವರ್ಷಗಟ್ಟಲೆ ಅನಾದರದಲ್ಲಿ ಸೊರಗಿತ್ತು. ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ಅದನ್ನು ಕೊಂಡು ದುರಸ್ತಿ ಮಾಡಿಸಿದ್ದರಿಂದ ಇಂದು ಯಾರು ಬೇಕಾದರೂ ಒಳಗೆ ಹೋಗಿ ತಲೆಯೆತ್ತಿ ನೋಡಬಹುದು. ಎಲ್ಲವನ್ನೂ ಸಂಸ್ಥೆಗಳು ಕೊಳ್ಳಲಾರವು. ಆದರೆ ಒಳಗೆ ಏನಾದರೂ ನಡೆಯುತ್ತಿರಲಿ, ಕುರಿಮರಿ ಕಟ್ಟಲಿ, ಸೌದೆ ಒಟ್ಟಲಿ, ಸಂತೆ ಕೂಡಲಿ. ಒಳಗೆ ಓಡಾಡುವವರಿದ್ದರೆ ಸೋರುವುದು ಕಣ್ಣಿಗೆ ಬೀಳುತ್ತದೆ.

ಅಂದು ಹೋಟೆಲಿನಿಂದ ಹೊರಡುವ ಮುನ್ನ ಆ ತೊಲೆಯ ತೂತಿಗೆ ಬೆರಳಿಟ್ಟು ನೋಡಿದೆ. ಒಳಗೆ ಒಂದು ಅಂಗುಲದಷ್ಟು ಆಳದಲ್ಲಿ ಗೂಟದ ತುಂಡು ತಾಗಿತು. ಕಟ್ಟಡ ಬಿಚ್ಚುವಾಗ ಮುರಿದಿರಬೇಕು. ಉಗುರಿನಿಂದ ಒತ್ತಿದೆ, ಅಲುಗಾಡಲಿಲ್ಲ.