ನೂರು ಕೆಜಿಗೆ ಒಂದು ನೈಂಟಿ

ಗೋಣಿಕೊಪ್ಪದ ಕ್ಯಾಂಟೀನ್ ಬೆಂಚಿನ ಮೇಲೆ ಯಾವ ಪಿಕಪ್ಪೂ ಲೀಟರಿಗೆ ಹದಿನಾರು ಕಿಲೋಮೀಟರಿಗಿಂತ ಕಡಿಮೆ ಓಡುವುದಿಲ್ಲ. ಅದೇ ಗಾಡಿ ಬಂಕಿಗೆ ಬಂದು ನಿಂತರೆ ಹತ್ತು ದಾಟುವುದಿಲ್ಲ. ನಡುವಿನ ಆರು ಕಿಲೋಮೀಟರ್ ಎಲ್ಲಿ ಹೋಯಿತು ಅಂತ ಕೇಳಿದರೆ ಮಾಲೀಕ ಡ್ರೈವರ್ ಕಡೆ ನೋಡುತ್ತಾನೆ, ಡ್ರೈವರ್ ಮಾಲೀಕನ ಕಡೆ ನೋಡುತ್ತಾನೆ, ಆಮೇಲೆ ಇಬ್ಬರೂ ಒಟ್ಟಿಗೆ ಬಂಕಿನ ಹುಡುಗನ ಕಡೆ ನೋಡುತ್ತಾರೆ. ಅವನು ಪಾಪ, ಮೀಟರ್ ಸೊನ್ನೆ ತೋರಿಸಿಯೇ ಹಾಕಿರುತ್ತಾನೆ.

ಡೀಸೆಲ್ ಕದ್ದವರು ಯಾರೂ ಇಲ್ಲ. ಗುಡ್ಡ ಕುಡಿದಿರುತ್ತದೆ.

ಎಷ್ಟು ಕುಡಿಯುತ್ತದೆ ಅನ್ನುವುದಕ್ಕೂ ಲೆಕ್ಕ ಉಂಟು. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 36 ಮೆಗಾಜೌಲ್ ಶಕ್ತಿ. ಅದರಲ್ಲಿ ಚಕ್ರದವರೆಗೆ ಬರುವುದು ನೂರಕ್ಕೆ ಮೂವತ್ತು ಪಾಲು ಅಂತ ಇಟ್ಟುಕೊಳ್ಳಿ. ಮಿಕ್ಕಿದ್ದು ರೇಡಿಯೇಟರಿನಿಂದಲೂ ಸೈಲೆನ್ಸರಿನಿಂದಲೂ ಹೊರಬಿದ್ದು ಮಡಿಕೇರಿಯ ಚಳಿಯನ್ನು ಕಡಿಮೆ ಮಾಡುವ ವಿಫಲ ಯತ್ನದಲ್ಲಿ ಮುಗಿಯುತ್ತದೆ. ನೂರು ಕೆಜಿ ಭಾರವನ್ನು ಸಾವಿರ ಮೀಟರ್ ಮೇಲಕ್ಕೆ ಎತ್ತಲು ಹತ್ತಿರ ಹತ್ತಿರ ಒಂದು ಮೆಗಾಜೌಲ್ ಬೇಕು. ಭಾಗಿಸಿ ನೋಡಿ, ಉತ್ತರ 90 ಮಿಲಿ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಸಂಪಾಜೆ ಘಾಟಿಯ ಬುಡದಿಂದ ಅಲ್ಲಿಗೆ ಏರಬೇಕಾದದ್ದು ಹೆಚ್ಚುಕಡಿಮೆ ಆ ಸಾವಿರ ಮೀಟರೇ. ಅಂದರೆ ನೂರು ಕೆಜಿಗೆ, ಒಂದು ಘಾಟಿಗೆ, ಒಂದು ನೈಂಟಿ. ಈ ಅಳತೆ ಎಷ್ಟೆಂದು ನಮ್ಮ ಜಿಲ್ಲೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಎರಡೂವರೆ ಲೀಟರ್, ನಾಲ್ಕು ಸಿಲಿಂಡರಿನ ಪಿಕಪ್ಪು, ಅದರ ಹೊರೆ, ಡ್ರೈವರ್, ಡ್ರೈವರಿನ ಪಕ್ಕದಲ್ಲಿ 'ಸ್ವಲ್ಪ ಅಲ್ಲಿವರೆಗೆ' ಅಂತ ಹತ್ತಿದ ಇಬ್ಬರು, ಎಲ್ಲ ಸೇರಿ ಮೂರು ಟನ್ ಆದರೆ ಮೂವತ್ತು ನೈಂಟಿ. ಎರಡು ಲೀಟರ್ ಏಳುನೂರು ಮಿಲಿ. ಇದು ಬರೀ ಎತ್ತರಕ್ಕೆ ಕೊಟ್ಟ ಕಪ್ಪ. ಆ ಘಾಟಿಯ ಇಪ್ಪತ್ತೈದು ಕಿಲೋಮೀಟರ್ ಉರುಳುವ ಖರ್ಚು ಇನ್ನೂ ಎರಡು ಲೀಟರಿನ ಹತ್ತಿರ ಬೇರೆ. ಒಟ್ಟು ಭಾಗಿಸಿದರೆ ಲೀಟರಿಗೆ ಐದು ಚಿಲ್ಲರೆ ಕಿಲೋಮೀಟರ್. ಇದನ್ನು ಕ್ಯಾಂಟೀನಿನಲ್ಲಿ ಹೇಳಿದರೆ ಪಕ್ಕದವರು ಕಾಫಿ ಲೋಟ ಹಿಡಿದು ಬೇರೆ ಬೆಂಚಿಗೆ ಹೋಗುತ್ತಾರೆ.

ಕಾಫಿ ಕುಯಿಲಿನ ಕಾಲದಲ್ಲಿ ಇನ್ನೊಂದು ತಮಾಷೆ. ರೊಬಸ್ಟಾ ಹಣ್ಣು ಐದು ಕೆಜಿ ಸಾಗಿಸಿದರೆ ಕೊನೆಗೆ ಕೈಗೆ ಬರುವುದು ಸುಮಾರು ಒಂದು ಕೆಜಿ ಬೇಳೆ. ಮಿಕ್ಕ ನಾಲ್ಕು ಕೆಜಿ ನೀರು ಮತ್ತು ಸಿಪ್ಪೆ. ಕಣ ಗುಡ್ಡದ ಮೇಲಿದ್ದು ಗಿಡಗಳು ಕೆಳಗಿದ್ದರೆ ಪಿಕಪ್ಪು ದಿನವಿಡೀ ನೀರು ಹೊರುತ್ತಿರುತ್ತದೆ, ಮಾಲೀಕರು ಕಾಫಿ ಹೊರುತ್ತಿದೆ ಅಂದುಕೊಂಡಿರುತ್ತಾರೆ.

ಹೊರೆ ಇಳಿಸಿದ ಮೇಲೂ ಗಾಡಿ ಖಾಲಿಯಾಗುವುದಿಲ್ಲ ಅನ್ನುವುದು ಬೇರೆ ವಿಷಯ. ಒಮ್ಮೆ ಹಿಂದಿನ ತೊಟ್ಟಿ ಬಗ್ಗಿ ನೋಡಿ. ತುಕ್ಕು ಹಿಡಿದ ಪೈಪಿನ ಕಪ್ಲಿಂಗ್ ಆರೇಳು, ರಿಪೇರಿಗೆ ಹೊರಟು ದಾರಿ ಮರೆತ ಕಳೆ ಕೊಚ್ಚುವ ಯಂತ್ರ, ಯಾವ ಗಾಡಿಯದೆಂದು ಗೊತ್ತಿಲ್ಲದ ಟೈರು, ಅರ್ಧ ಮೂಟೆ ಗಟ್ಟಿಯಾದ ಸಿಮೆಂಟು, ನೀರು ಕುಡಿದು ದಪ್ಪಗಾದ ಗೋಣಿಚೀಲಗಳು. ನೂರೈವತ್ತು ಕೆಜಿಗೆ ಮೋಸವಿಲ್ಲ. ಪ್ರತಿ ಘಾಟಿಗೂ ಒಂದೂವರೆ ನೈಂಟಿ, ಯಾರ ಆರೋಗ್ಯಕ್ಕೂ ಅಲ್ಲದೆ. ಮಳೆಗಾಲದಲ್ಲಿ ಮಾತ್ರ ಈ ಕಸಕ್ಕೆ ಮರ್ಯಾದೆ ಉಂಟು. ಖಾಲಿ ಪಿಕಪ್ಪಿನ ಹಿಂಭಾಗ ಹಗುರ, ಎಳೆಯುವ ಚಕ್ರಗಳೂ ಹಿಂದೆಯೇ. ಜುಲೈ ಕೆಸರಿನ ಏರಿನಲ್ಲಿ ಅವು ಸುಮ್ಮನೆ ತಿರುಗಿ ಹಿಂದೆ ನಿಂತವರ ಬಿಳಿ ಪಂಚೆಗೆ ನಕ್ಷೆ ಬಿಡಿಸುತ್ತವೆ. ಆಗ ಐವತ್ತು ಕೆಜಿಯ ಮೂರು ಮರಳು ಮೂಟೆ ಸರಿಯಾಗಿ ಹಿಂದಿನ ಆಕ್ಸಲ್ ನೆತ್ತಿಯ ಮೇಲೆ ಬರುವಂತೆ ಇಟ್ಟು ಹಗ್ಗ ಕಟ್ಟಬೇಕು. ತೊಟ್ಟಿಯ ಹಿಂಬಾಗಿಲಿನ ತುದಿಗೆ ಇಟ್ಟರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ತೇಲುತ್ತದೆ.

ನಿಜವಾದ ಮೈಲೇಜ್ ಗೊತ್ತಾಗಬೇಕಾದರೆ ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಅಳೆಯುವುದೊಂದೇ ದಾರಿ. ನಳಿಕೆ ತಾನಾಗಿ 'ಟಕ್' ಅಂತ ನಿಂತಾಗ ನಿಲ್ಲಿಸಿ. 'ಇನ್ನೂ ಸ್ವಲ್ಪ ಹಿಡಿಯುತ್ತೆ ಸಾರ್' ಅನ್ನುವ ಉಪಚಾರ ಬೇಡ. ಆ ಸ್ವಲ್ಪವೇ ಲೆಕ್ಕ ಕೆಡಿಸುವುದು. ಕಿಲೋಮೀಟರ್ ಬರೆದುಕೊಳ್ಳಿ. ಮುನ್ನೂರು ಕಿಲೋಮೀಟರ್ ಓಡಿದ ಮೇಲೆ ಅದೇ ಬಂಕು, ಅದೇ ಪಂಪು, ಗಾಡಿ ಅದೇ ಕಡೆ ಮುಖ ಮಾಡಿ ನಿಂತು ಮತ್ತೆ 'ಟಕ್' ಅನ್ನುವವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಬಂಕಿನ ನೆಲ ವಾಲಿದ್ದರೆ (ನಮ್ಮಲ್ಲಿ ವಾಲದ ನೆಲ ಹಾಕಿಯಾಟಕ್ಕೂ ಫುಟ್ಬಾಲಿಗೂ ಸಿಗುವುದಿಲ್ಲ) ಟ್ಯಾಂಕಿನ ಮೂಲೆಯಲ್ಲಿ ಗಾಳಿ ಸಿಕ್ಕಿಕೊಂಡು ಲೀಟರೆರಡು ಲೀಟರ್ ಹೆಚ್ಚುಕಡಿಮೆಯಾಗುತ್ತದೆ. ಒಂದೇ ಸಲದ ಲೆಕ್ಕ ನಂಬದೆ ನಾಲ್ಕು ಸಲದ್ದು ಕೂಡಿಸಬೇಕು ಅನ್ನುವುದು ಅದಕ್ಕೇ. ತೋಟದ ಲೆಕ್ಕ ಬರೆಯುವ ರೈಟರ್ ಬಳಿ ಇದಕ್ಕೊಂದು ಲಾಗ್ ಪುಸ್ತಕ ಇರುತ್ತದೆ: ತಾರೀಖು, ಕಿಲೋಮೀಟರ್, ಲೀಟರ್, ಷರಾ. ಷರಾ ಕಾಲಮ್ಮು ಸಾಮಾನ್ಯವಾಗಿ ಖಾಲಿ.

ಅಂದಕ್ಕೆಂದು ದೊಡ್ಡ ಟೈರ್ ಹಾಕಿಸಿದವರು ಒಂದು ತಿದ್ದುಪಡಿ ಮಾಡಿಕೊಳ್ಳಬೇಕು. ಟೈರಿನ ಸುತ್ತಳತೆ ನೂರಕ್ಕೆ ಐದು ಹೆಚ್ಚಾದರೆ ಮೀಟರ್ ನೂರು ಅಂದಾಗ ಗಾಡಿ ನೂರೈದು ಓಡಿರುತ್ತದೆ. ಮೈಲೇಜ್ ಕಾಗದದ ಮೇಲೆ ಬಿದ್ದುಹೋಯಿತೆಂದು ಅತ್ತವರಲ್ಲಿ ಅರ್ಧದಷ್ಟು ಜನರ ಕಣ್ಣೀರು ವ್ಯರ್ಥ. ಉಳಿದರ್ಧ ಮಂದಿಯದು ನ್ಯಾಯವಾದದ್ದೇ, ಆ ದಪ್ಪ ಹಲ್ಲಿನ ಟೈರ್ ಉರುಳಲಿಕ್ಕೂ ಹೆಚ್ಚು ಡೀಸೆಲ್ ಕೇಳುತ್ತದೆ.

ಇನ್ನು ಏರಿನಲ್ಲಿ ಹೋದದ್ದನ್ನು ಇಳಿಜಾರಿನಲ್ಲಿ ವಸೂಲು ಮಾಡುವ ಜಾಣರಿದ್ದಾರೆ. ಮಡಿಕೇರಿ ದಾಟಿದ ಕೂಡಲೇ ನ್ಯೂಟ್ರಲ್. ಇನ್ನೂ ಜಾಣರು ಎಂಜಿನ್ನೇ ಆಫ್. ಈಗಿನ ಕಾಮನ್ ರೈಲ್ ಡೀಸೆಲ್ ಎಂಜಿನ್, ಗಾಡಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಡೀಸೆಲ್ ಹನಿಸುವುದನ್ನೇ ನಿಲ್ಲಿಸುತ್ತದೆ; ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ನ್ಯೂಟ್ರಲಿಗೆ ಹಾಕಿದರೆ ತನ್ನನ್ನು ತಾನು ಜೀವಂತವಾಗಿಡಲು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಕುಡಿಯುತ್ತದೆ. ಅಂದರೆ ನ್ಯೂಟ್ರಲ್ ವೀರರು ಉಳಿಸಲು ಹೊರಟು ಖರ್ಚು ಮಾಡುವವರು. ಎಂಜಿನ್ ಆಫ್ ಮಾಡಿದವರ ಕಥೆ ಬೇರೆ: ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪು ಎಂಜಿನ್ ಜೊತೆಗೇ ನಿಂತಿರುತ್ತದೆ. ಉಳಿದಿರುವ ವ್ಯಾಕ್ಯೂಮ್ ಎರಡು ಮೂರು ಸಲ ಪೆಡಲ್ ಒತ್ತುವಷ್ಟು. ನಾಲ್ಕನೇ ತಿರುವಿಗೆ ಪೆಡಲ್ ಕಲ್ಲು, ಪವರ್ ಸ್ಟೇರಿಂಗ್ ಕಬ್ಬಿಣದ ಕಡಲೆ, ಬಾಯಲ್ಲಿ ಇಗ್ಗುತ್ತಪ್ಪ ದೇವರ ಹೆಸರು.

ಎಂಜಿನ್ ಓಡುತ್ತಿದ್ದು ಬರೀ ಬ್ರೇಕಿನ ಮೇಲೆ ಇಳಿದರೂ ಸುಖವಿಲ್ಲ. ಎರಡೂವರೆ ಟನ್ ಗಾಡಿ ಸಾವಿರ ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯಲ್ಲಿ ಗಾಳಿ ಮತ್ತು ಟೈರ್ ಒಂದು ಪಾಲು ನುಂಗಿದರೂ, ಬ್ರೇಕಿಗೆ ಬೀಳುವ ಬಿಸಿಗೆ ಐವತ್ತು ಲೀಟರ್ ತಣ್ಣೀರು ಕೊತಕೊತ ಕುದಿಯುತ್ತದೆ. ಒಂದು ದೊಡ್ಡ ಹಂಡೆ ಬಿಸಿನೀರು. ಆ ಹಂಡೆಯ ಪಕ್ಕದಲ್ಲೇ ಬ್ರೇಕ್ ಆಯಿಲ್ ಕೂತಿರುತ್ತದೆ. ಹೊಸ ಡಾಟ್ 3 ಆಯಿಲ್ 205 ಡಿಗ್ರಿಯವರೆಗೆ ಕುದಿಯದೆ ತಡೆಯುತ್ತದೆ. ಆದರೆ ಅದು ಗಾಳಿಯಿಂದ ತೇವ ಹೀರುವ ಸ್ವಭಾವದ್ದು, ಕೊಡಗಿನಲ್ಲಿ ಹೀರಲು ತೇವಕ್ಕೇನು ಬರಗಾಲ! ತೇವ ಹೀರಿದ ಮೇಲೆ 140 ಡಿಗ್ರಿಗೇ ಕುದಿಯಬಲ್ಲದು. ಕುದಿದರೆ ಪೈಪಿನಲ್ಲಿ ಆವಿ, ಕಾಲಿನಡಿಯಲ್ಲಿ ಸ್ಪಂಜು. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ, ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಹಿಂದಿನ ಕಾರಿನವನು ಹಾರ್ನ್ ಹೊಡೆದರೆ ಹೊಡೆಯಲಿ, ಅವನ ಆಯಿಲ್ ಯಾವ ವರ್ಷದ್ದೋ.

2020ರ ಏಪ್ರಿಲ್ ನಂತರ ಬಂದ ಬಿಎಸ್ 6 (ಹೊಗೆ ನಿಯಮದ) ಡೀಸೆಲ್ ಗಾಡಿಯವರಿಗೆ ಇನ್ನೊಂದು ಕಾಟ. ಸೈಲೆನ್ಸರಿನ ಮಸಿ ಹಿಡಿಯುವ ಫಿಲ್ಟರು ಆಗಾಗ ಒಳಗಿನ ಮಸಿಯನ್ನು ಸುಟ್ಟುಕೊಳ್ಳಬೇಕು, ಅದಕ್ಕೆ ಹದಿನೈದಿಪ್ಪತ್ತು ನಿಮಿಷ ಒಂದೇ ಸಮನೆ ಓಡಬೇಕು. ತೋಟದಿಂದ ಪೇಟೆಗೆ ನಾಲ್ಕು ಕಿಲೋಮೀಟರ್, ಪೇಟೆಯಿಂದ ತೋಟಕ್ಕೆ ನಾಲ್ಕು ಕಿಲೋಮೀಟರ್ ಓಡುವ ಗಾಡಿಗೆ ಆ ಭಾಗ್ಯವಿಲ್ಲ. ಮೀಟರ್ ಬೋರ್ಡಿನಲ್ಲಿ ಫಿಲ್ಟರಿನ ದೀಪ ಹೊತ್ತಿದಾಗ ಹುಣಸೂರಿನ ಕಡೆ ಒಂದು ಸುತ್ತು ಹೋಗಿಬರುವುದು ಔಷಧಿ. ಮನೆಯಲ್ಲಿ ಇದನ್ನು ನಂಬಿಸುವುದು ಕಷ್ಟ.

ಫೆಬ್ರವರಿ ಬಂತೆಂದರೆ ಎಳೆಯುವ ಕೆಲಸ ಶುರು. ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಓಡಿಸಬೇಕು, ಅದಕ್ಕೆ ಡೀಸೆಲ್ ಪಂಪ್‌ಸೆಟ್ ಕೆರೆಯ ದಡಕ್ಕೆ ಬರಬೇಕು. ಎರಡು ಚಕ್ರದ ಟ್ರಾಲಿಯ ಮೇಲೆ ಕೂತ ಆ ಪಂಪು ಮಳೆಗಾಲವಿಡೀ ಶೆಡ್ಡಿನ ಮೂಲೆಯಲ್ಲಿ ಇಲಿಗಳಿಗೆ ಲೈನ್ ಮನೆ (ತೋಟದ ಆಳುಗಳ ಸಾಲುಮನೆ) ಆಗಿರುತ್ತದೆ. ಹಾಗೇ ಕೊಕ್ಕೆ ಹಾಕಿ ಎಳೆದುಕೊಂಡು ಹೋದವರ ಟ್ರಾಲಿ ಎರಡನೇ ತಿರುವಿನಲ್ಲಿ ಕಿರುಚಲು ತೊಡಗಿ, ನಾಲ್ಕನೆಯದರಲ್ಲಿ ಸುಮ್ಮನಾಗುತ್ತದೆ. ಸುಮ್ಮನಾದದ್ದು ಒಳ್ಳೆಯ ಲಕ್ಷಣ ಅಲ್ಲ, ಬೇರಿಂಗ್ ಪುಡಿಯಾಗಿದೆ ಅಂತ.

ಹೊರಡುವ ಹಿಂದಿನ ದಿನ ಒಂದೊಂದೇ ಚಕ್ರ ಜಾಕಿಯಲ್ಲಿ ಎತ್ತಿ, ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಲಟಲಟ ಅಂದರೆ ಸಡಿಲ, ತಿರುಗಿಸಿದಾಗ ಗರಗರ ಅಂದರೆ ಒಣಗಿದೆ. ಹಬ್ ಬಿಚ್ಚಿ ಹಳೆ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹೊಸ ಲಿಥಿಯಂ ಗ್ರೀಸನ್ನು ರೋಲರ್‌ಗಳ ಸಂದಿಗೆ ಅಂಗೈಯಿಂದ ಒತ್ತಿ ತುಂಬಿಸಿ. ಮೇಲಿನಿಂದ ಬೆಣ್ಣೆ ಸವರಿದ ಹಾಗೆ ಸವರಿದರೆ ಒಳಗೆ ಹೋಗುವುದಿಲ್ಲ. ನಟ್ ಬಿಗಿ ಮಾಡಿ, ಚಕ್ರ ತಿರುಗಿಸುತ್ತ ಮತ್ತೆ ಕೊಂಚ ಸಡಿಲಿಸಿ, ಹೊಸ ಸ್ಪ್ಲಿಟ್ ಪಿನ್ ಹಾಕಿ. ಐದು ಕಿಲೋಮೀಟರ್ ಎಳೆದ ಮೇಲೆ ನಿಲ್ಲಿಸಿ ಹಬ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಹಿಂದಕ್ಕೆ ಎಳೆದುಕೊಂಡಿರಾದರೆ ಬಿಗಿ ಜಾಸ್ತಿಯಾಗಿದೆ.

ಕೊಕ್ಕೆಯ ಮೇಲೆ ಎಷ್ಟು ಭಾರ ಬೀಳಬೇಕು ಅನ್ನುವುದು ಎರಡನೇ ವಿಷಯ. ಟ್ರಾಲಿಯ ಒಟ್ಟು ತೂಕದ ಹತ್ತನೇ ಒಂದು ಪಾಲು, ತುಸು ಹೆಚ್ಚಾದರೂ ಅಡ್ಡಿಯಿಲ್ಲ. ಪಂಪು ಎಂಜಿನ್ ಸೇರಿ ಆರುನೂರು ಕೆಜಿ ಇದ್ದರೆ ಮೂಕಿಯ (ಟ್ರಾಲಿಯ ಮುಂದೆ ಚಾಚಿದ ಎಳೆಯುವ ಕಂಬಿಯ) ತುದಿಯಲ್ಲಿ ಅರವತ್ತು, ಎಪ್ಪತ್ತು. ತೂಗಲು ಬೇರೆ ಯಂತ್ರ ಬೇಡ, ಕಣದಲ್ಲಿ ಹಣ್ಣು ತೂಗುವ ತಕ್ಕಡಿ ಉಂಟಲ್ಲ? ಚಕ್ರಕ್ಕೆ ಕಲ್ಲು ಕೊಟ್ಟು, ತಕ್ಕಡಿಯ ಮೇಲೆ ಪಿಕಪ್ಪಿನ ಕೊಕ್ಕೆಯಷ್ಟೇ ಎತ್ತರಕ್ಕೆ ಮರದ ತುಂಡು ಇಟ್ಟು, ಮೂಕಿ ಅದರ ಮೇಲೆ ಕೂರಿಸಿ (ಮರದ ತೂಕ ಕಳೆಯಲು ಮರೆಯಬೇಡಿ). ಇಪ್ಪತ್ತು ತೋರಿಸಿದರೆ ಡೀಸೆಲ್ ಕ್ಯಾನು, ಸಕ್ಷನ್ ಪೈಪು, ಫುಟ್‌ವಾಲ್ವು ಎಲ್ಲ ಮುಂದಕ್ಕೆ ಸರಿಸಿ. ಹಿಂದೆ ಭಾರವಾದ ಟ್ರಾಲಿ ಇಳಿಜಾರಿನಲ್ಲಿ ಬಾಲ ಬೀಸಲು ಶುರುಮಾಡುತ್ತದೆ, ಮತ್ತು ಅದರ ಬಾಲವೇ ನಿಮ್ಮ ಪಿಕಪ್ಪನ್ನು ಅಲ್ಲಾಡಿಸುತ್ತದೆ.

ಕೊಕ್ಕೆಯ ಪಿನ್ನು ಪ್ರತಿ ವರ್ಷ ಕಳೆದುಹೋಗುವ ವಸ್ತು. ಅದರ ಜಾಗಕ್ಕೆ ಬರುವ ಬದಲಿ ಆಟಗಾರರು: ಸ್ಕ್ರೂಡ್ರೈವರ್, ಹತ್ತು ಎಂಎಂ ಕಂಬಿಯ ತುಂಡು, ಒಮ್ಮೊಮ್ಮೆ ಕಾಫಿ ಗಿಡದ ಗೂಟ. ಸಮತಟ್ಟಿನಲ್ಲಿ ಎಲ್ಲರೂ ಚೆನ್ನಾಗಿಯೇ ಆಡುತ್ತಾರೆ. ಇಳಿಜಾರಿನಲ್ಲಿ ಯಾವುದೋ ಪರಿಚಯದ ಪಂಪ್‌ಸೆಟ್ ಬಲಗಡೆಯಿಂದ ನಿಮ್ಮನ್ನು ಓವರ್‌ಟೇಕ್ ಮಾಡುತ್ತಿದ್ದರೆ ಪಂದ್ಯ ಮುಗಿದಿದೆ ಅಂತ ತಿಳಿಯಿರಿ. ಸರಿಯಾದ ಪಿನ್ನು, ಅದರ ಕೆಳಗೆ ಸ್ಪ್ರಿಂಗ್ ಕ್ಲಿಪ್ಪು, ಜೊತೆಗೆ ಎರಡು ಸರಪಳಿ. ಸರಪಳಿಗಳನ್ನು ಮೂಕಿಯ ಅಡಿಯಲ್ಲಿ ಕತ್ತರಿ ಆಕಾರದಲ್ಲಿ ಅಡ್ಡಡ್ಡ ಹಾಕಿದರೆ ಪಿನ್ನು ಕೈಕೊಟ್ಟರೂ ಮೂಕಿ ತೊಟ್ಟಿಲಿಗೆ ಬಿದ್ದ ಹಾಗೆ ಬೀಳುತ್ತದೆ, ನೆಲಕ್ಕೆ ಚುಚ್ಚಿಕೊಳ್ಳುವುದಿಲ್ಲ.

ಡೀಸೆಲ್ ವಿಷಯಕ್ಕೆ ಬಂದರೆ ಎಳೆಯುವುದು ಅಷ್ಟು ದುಬಾರಿಯಲ್ಲ. ಆರುನೂರು ಕೆಜಿ ಟ್ರಾಲಿಯನ್ನು ತೋಟದೊಳಗೆ ಐವತ್ತು ಮೀಟರ್ ಏರಿಸಲು ಖರ್ಚು ಇಪ್ಪತ್ತೇಳು ಮಿಲಿ, ಒಂದು ಸ್ಮಾಲೂ ಅಲ್ಲ. ದುಬಾರಿಯಾಗುವುದು ಕೊಕ್ಕೆ ಹಾಕುವ ಸಮಾರಂಭ. ಗಾಡಿ ಸ್ಟಾರ್ಟಿನಲ್ಲೇ ಇಟ್ಟು ನಲವತ್ತು ನಿಮಿಷ ಪಿನ್ನು ಹುಡುಕಿದರೆ ನಾಲ್ಕು ನೈಂಟಿ ಮೇಲೆ ಹೋಗಿರುತ್ತದೆ. ಅದರ ಮೇಲೆ ಹಾಫ್ ಕ್ಲಚ್ಚಿನಲ್ಲಿ ಏರಿನ ನಡುವೆ ತೂಗಾಡಿದರೆ ಕ್ಲಚ್ ಪ್ಲೇಟಿನ ವಾಸನೆ ಲೈನ್ ಮನೆವರೆಗೂ ಹೋಗುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಕ್ಲಚ್ ಹಿಡಿತಕ್ಕೆ ಬಂದಾಗ ಹ್ಯಾಂಡ್‌ಬ್ರೇಕ್ ಬಿಟ್ಟು, ಕ್ಲಚ್ಚನ್ನು ಪೂರ್ತಿ ಬಿಡುವುದು ಅಭ್ಯಾಸವಾಗಬೇಕು.

ಹಿಂದಕ್ಕೆ ಬಿಡುವ ವಿದ್ಯೆ ಮಾತ್ರ ಎಲ್ಲದಕ್ಕಿಂತ ದೊಡ್ಡದು. ಕೈಯನ್ನು ಸ್ಟೇರಿಂಗಿನ ಕೆಳತುದಿಯಲ್ಲಿ ಇಡಿ. ಟ್ರಾಲಿಯ ಹಿಂಭಾಗ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆ ಸರಿಸಿ. ಎರಡು ಬೆರಳಿನಷ್ಟು ಸಾಕು. ಟ್ರಾಲಿ ಗಿಡ್ಡವಾದಷ್ಟೂ ಬೇಗ ಮಡಚಿಕೊಳ್ಳುತ್ತದೆ, ಪಂಪಿನ ಟ್ರಾಲಿಗಿಂತ ಗಿಡ್ಡದ್ದು ಊರಲ್ಲಿಲ್ಲ. ಮಡಚಲು ಶುರುವಾದರೆ ತಿದ್ದಲು ಹೋಗದೆ ನಾಲ್ಕಡಿ ಮುಂದೆ ಹೋಗಿ ನೇರ ಮಾಡಿ. ಹಿಂದೆ ನಿಂತು 'ಬರ್ಲಿ, ಬರ್ಲಿ, ಬಲಕ್ಕೆ, ಬಲಕ್ಕೆ' ಅನ್ನುವವರನ್ನು ಮೊದಲೇ ಕೇಳಿಟ್ಟುಕೊಳ್ಳಿ, ಬಲ ಅಂದರೆ ಅವರದೋ, ಡ್ರೈವರದೋ, ಟ್ರಾಲಿಯದೋ. ಮುಂದೆ ಹೋಗುವಾಗಲೂ ಟ್ರಾಲಿಯ ಚಕ್ರ ತಿರುವಿನ ಒಳಗಡೆಗೇ ಕತ್ತರಿಸುತ್ತದೆ. ಆ ಒಳಗಡೆ ನಿಂತಿರುವುದು ಪಕ್ಕದ ತೋಟದ ಸಿಲ್ವರ್ ಓಕು, ಅದಕ್ಕೆ ಹಬ್ಬಿರುವುದು ಅವರ ಮೆಣಸಿನ ಬಳ್ಳಿ.

ಈ ವಿದ್ಯೆ ಬೇಕಾಗುವುದು ಸಂಜೆ ಆರರ ಹೊತ್ತಿಗೆ. ಎರಡೂ ಕಡೆ ಬೇಲಿಯಿರುವ ತೋಟದ ದಾರಿ, ಮುಂದಿನ ತಿರುವಿನಲ್ಲಿ ಬೈನೆ ಮರ ಮುರಿಯುತ್ತಿರುವ ಆನೆ. ಹಾರ್ನ್ ಹೊಡೆಯುವ ಹಾಗಿಲ್ಲ, ಇಳಿಯುವ ಹಾಗಿಲ್ಲ, ಎಂಜಿನ್ ಆಫ್ ಮಾಡುವ ಧೈರ್ಯ ಇಲ್ಲ. ರಿವರ್ಸ್ ಹಾಕಿದ ಹತ್ತು ಸೆಕೆಂಡಿಗೆ ಟ್ರಾಲಿ ದಾರಿಗೆ ಅಡ್ಡ ಮಡಚಿ ಕೂತಿರುತ್ತದೆ. ಆನೆಗೆ ಹೂವಿನ ನೀರಿನ ಅವಸರವಿಲ್ಲ. ಅರ್ಧ ಗಂಟೆ ತಿಂದು, ಪಂಪಿನ ಕಡೆ ಒಮ್ಮೆ ನೋಡಿ, ಬೇಲಿ ಮುರಿದು ಕಾಫಿಯೊಳಗೆ ಇಳಿದು ಹೋಗುತ್ತದೆ. ಅಷ್ಟರಲ್ಲಿ ಮೂರು ನೈಂಟಿ ಚಿಲ್ಲರೆ ಖಾಲಿ. ಮರುದಿನ ರೈಟರ್ ಲಾಗ್ ಪುಸ್ತಕ ತೆರೆದು, ಕಿಲೋಮೀಟರ್ ಕಾಲಮಿನಲ್ಲಿ ಸೊನ್ನೆ ಬರೆದು, ಲೀಟರ್ ಕಾಲಮಿನ ಮೇಲೆ ಸ್ವಲ್ಪ ಹೊತ್ತು ಪೆನ್ನು ಹಿಡಿದು, ಷರಾದಲ್ಲಿ ಒಂದೇ ಪದ ಬರೆಯುತ್ತಾನೆ: ಆನೆ.