ಜುಟ್ಟಿಗೆ ಮಲ್ಲಿಗೆ, ಹೊಟ್ಟೆಗೆ ಯಾವುದೋ ಒಂದು ಎಸ್‌ಎಂಪಿಎಸ್

ಊಟ ಮುಗಿಸಿ ಸುಮ್ಮನೆ ಮಲಗಬೇಕಿತ್ತು. ಮಲಗುವ ಬದಲು ಕನ್ನಡದ ಒಂದು ಪಿಸಿ ಬಿಲ್ಡ್ ವಿಡಿಯೊ ನೋಡಿದೆ. ಈಗ ನಿದ್ದೆಯೂ ಇಲ್ಲ, ಸಮಾಧಾನವೂ ಇಲ್ಲ. ಹಾಗಾಗಿ ನಿಮ್ಮ ತಲೆ ತಿನ್ನಲು ಬಂದಿದ್ದೇನೆ.

ಹುಡುಗ ಚೆನ್ನಾಗಿಯೇ ಮಾತನಾಡುತ್ತಾನೆ. ಭಾಷೆ ಸ್ವಚ್ಛವಾಗಿದೆ, ಕ್ಯಾಮೆರಾ ಕೆಲಸ ಅಚ್ಚುಕಟ್ಟಾಗಿದೆ. ಒಂದು ಲಕ್ಷ ರೂಪಾಯಿಯೊಳಗೆ ಗೇಮಿಂಗ್ ಕಂಪ್ಯೂಟರ್ ಜೋಡಿಸಿ ತೋರಿಸುವುದು ವಿಷಯ. ಗ್ರಾಫಿಕ್ಸ್ ಕಾರ್ಡಿನ ಫ್ಯಾನ್‌ಗಳನ್ನು ಎಣಿಸಿದ. ಕ್ಯಾಬಿನೆಟ್ಟಿನ ಗಾಜನ್ನು ಸವರಿದ. ರ‍್ಯಾಮ್ ಮೇಲಿನ ದೀಪ ನೇರಳೆಯಿಂದ ಹಸಿರಿಗೆ ತಿರುಗುವುದನ್ನು ನಿಧಾನಗತಿಯಲ್ಲಿ, ಹಿನ್ನೆಲೆ ಸಂಗೀತದೊಂದಿಗೆ ತೋರಿಸಿದ. ಮೌಸ್‌ನ ಪೋಲಿಂಗ್ ರೇಟ್, ಅಂದರೆ ಅದು ಸೆಕೆಂಡಿಗೆ ಎಷ್ಟು ಬಾರಿ ಕಂಪ್ಯೂಟರಿಗೆ ವರದಿ ಒಪ್ಪಿಸುತ್ತದೆ ಎಂಬ ಲೆಕ್ಕ, 8000 ಹರ್ಟ್ಸ್ ಎಂದು ಮತ್ತೆ ಮತ್ತೆ ಹೇಳಿದ. ಕೊನೆಗೆ ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಹದಮಾಡಿ ಕಂಪ್ಯೂಟರಿನ ಎಲ್ಲ ಭಾಗಗಳಿಗೂ ಉಣಬಡಿಸುವ ಡಬ್ಬಿಯ ಸರದಿ ಬಂತು. ‘ಇದು ಒಳ್ಳೆಯ 650 ವಾಟ್ ಎಸ್‌ಎಂಪಿಎಸ್, ಸಾಕಾಗುತ್ತದೆ’ ಎಂದವನೇ ಅದನ್ನು ಕ್ಯಾಬಿನೆಟ್ಟಿನ ತಳಕ್ಕೆ ತೂರಿಸಿ ಮುಚ್ಚಳ ಜಡಿದ. ಕಂಪನಿ ಯಾವುದು, ಮಾದರಿ ಯಾವುದು, ವಾರಂಟಿ ಎಷ್ಟು ವರ್ಷ, ಒಂದೂ ಇಲ್ಲ. ಒಳ್ಳೆಯದಂತೆ! ಹೆಣ್ಣು ತೋರಿಸುವ ದಲ್ಲಾಳಿ ಕೂಡ ಇದಕ್ಕಿಂತ ಹೆಚ್ಚು ವಿವರ ಕೊಡುತ್ತಾನೆ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮ ಹಿರಿಯರು ಬಹುಶಃ ಈ ಬಣ್ಣ ಬದಲಿಸುವ ಆರ್‌ಜಿಬಿ ದೀಪಗಳನ್ನು ಕನಸಿನಲ್ಲಿ ಕಂಡೇ ಗಾದೆ ಕಟ್ಟಿರಬೇಕು.

ನನ್ನ ವಿಷಯ ನಿಮಗೆಲ್ಲ ಗೊತ್ತೇ ಇದೆ. ಮಹಡಿಯ ಕೋಣೆಯನ್ನು ಮನೆಯಾಕೆ ಗುಜರಿ ಅಂಗಡಿ ಎಂದೇ ಕರೆಯುತ್ತಾಳೆ. ನೆಂಟರಿಷ್ಟರ ಕಂಪ್ಯೂಟರುಗಳೆಲ್ಲ ಕೆಟ್ಟ ಮೇಲೆ ಬಂದು ಬೀಳುವುದು ಅಲ್ಲಿಗೆ. ಆ ಅನುಭವದಿಂದ ಹೇಳುತ್ತೇನೆ: ಪ್ರೊಸೆಸರ್ ತಾನಾಗಿ ಸತ್ತದ್ದನ್ನು ನಾನು ನೋಡಿದ್ದು ಬಹಳ ಅಪರೂಪ. ಎಸ್‌ಎಂಪಿಎಸ್ ಸತ್ತದ್ದನ್ನು, ಸಾಯುವಾಗ ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋದದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಕಳೆದ ಬೇಸಿಗೆಯಲ್ಲಿ ಸಿಂಧನೂರಿನಿಂದ ಅಕ್ಕನ ಮಗ ತಂದದ್ದು ಅಂಥದ್ದೇ ಒಂದು. ಹೊರಗೆ ‘500 ವಾಟ್’ ಎಂದು ದಪ್ಪಕ್ಷರ. ಕೈಯಲ್ಲಿ ಹಿಡಿದರೆ ಖಾಲಿ ಟಿಫಿನ್ ಡಬ್ಬಿಯಷ್ಟೂ ಭಾರವಿಲ್ಲ. ಎಷ್ಟೋ ದಿನ ಹಾಗೇ ಬಿಟ್ಟು, ವಿದ್ಯುತ್ ಕೂಡಿಡುವ ಕೆಪ್ಯಾಸಿಟರ್‌ನಲ್ಲಿ ಚಾರ್ಜ್ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆ ಬಿಚ್ಚಿದೆ. (ನೀವು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ 300 ವೋಲ್ಟ್‌ಗೂ ಹೆಚ್ಚು ಕುಳಿತಿರಬಹುದು.) ವಿದ್ಯುತ್ ಒಳಬರುವ ಕಡೆ ಅದರ ಗದ್ದಲ ಸೋಸುವ ಸುರುಳಿಗಳನ್ನು ಕೂರಿಸಲು ಬೋರ್ಡಿನ ಮೇಲೆ ಜಾಗ ಅಚ್ಚು ಹಾಕಿದ್ದಾರೆ, ಸುರುಳಿಯೇ ಇಲ್ಲ. ಅದರ ಬದಲು ಎರಡು ತುಂಡು ತಂತಿ ಬೆಸೆದು ಕೈ ತೊಳೆದುಕೊಂಡಿದ್ದಾರೆ. ಇನ್ನೊಂದು ತುದಿಯಲ್ಲಿ ಕೆಪ್ಯಾಸಿಟರ್‌ಗಳ ನೆತ್ತಿ ಉಬ್ಬಿ, ಕಂದು ರಸ ಒಸರಿ ಒಣಗಿತ್ತು. ಪಕ್ಕದ ಲೇಬಲ್ ನೋಡಿದೆ. 12 ವೋಲ್ಟ್ ಸಾಲಿನಲ್ಲಿ 17 ಆಂಪಿಯರ್. ಹನ್ನೆರಡನ್ನು ಹದಿನೇಳರಿಂದ ಗುಣಿಸಿ: 204 ವಾಟ್. ಇಂದಿನ ಕಂಪ್ಯೂಟರಿನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಬದುಕುವುದು ಬಹುಪಾಲು ಈ 12 ವೋಲ್ಟ್ ಸಾಲಿನ ಮೇಲೆಯೇ. ಉಳಿದ ಹೆಚ್ಚುಕಡಿಮೆ ಮುನ್ನೂರು ವಾಟ್‌ನಲ್ಲಿ ಬಹುಪಾಲು ಇದ್ದದ್ದು ಡಬ್ಬಿಯ ಮೇಲಿನ ಶಾಯಿಯಲ್ಲಿ ಮಾತ್ರ.

ಮಾರಿದ ಅಂಗಡಿಯವನು ‘ಟೆಸ್ಟ್ ಮಾಡಿಯೇ ಕೊಟ್ಟಿದ್ದೇನೆ’ ಎಂದನಂತೆ. ಆ ಟೆಸ್ಟ್ ಏನೆಂಬುದು ನನಗೆ ಗೊತ್ತು. ದೊಡ್ಡ ಕನೆಕ್ಟರಿನ ಹಸಿರು ತಂತಿಗೂ ಕಪ್ಪು ತಂತಿಗೂ ನಡುವೆ ಪೇಪರ್ ಕ್ಲಿಪ್ ಸಿಕ್ಕಿಸುವುದು, ಫ್ಯಾನ್ ತಿರುಗಿದರೆ ‘ಓಕೆ ಸಾರ್’ ಎನ್ನುವುದು. ಅದು ಉಸಿರಾಡುತ್ತಿದೆ ಎಂದಷ್ಟೇ ಇದರಿಂದ ತಿಳಿಯುತ್ತದೆ, ಕಂಪ್ಯೂಟರ್ ಪೂರ್ತಿ ದುಡಿಯುವಾಗ ಎಳೆಯುವ ವಿದ್ಯುತ್ತಿನ ಭಾರ (ಲೋಡ್) ಹೊರುತ್ತದೆಯೇ ಎಂದಲ್ಲ. ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ ಬಿಡಿ. ಅಷ್ಟು ಜನ ನೋಡುವ ವಿಮರ್ಶಕನೇ ಪೇಪರ್ ಕ್ಲಿಪ್ಪಿನಷ್ಟೂ ಕಷ್ಟಪಡದೆ ‘ಒಳ್ಳೆಯದು’ ಎಂದು ಸರ್ಟಿಫಿಕೇಟ್ ಕೊಡುವಾಗ, ಬಾಡಿಗೆ ಕಟ್ಟಬೇಕಾದವನಿಂದ ಏನು ನಿರೀಕ್ಷಿಸುವುದು?

ಈಗ ಆ 8000 ಹರ್ಟ್ಸ್ ಮೌಸ್‌ಗೆ ಬರುತ್ತೇನೆ. ಸಾಮಾನ್ಯ ಗೇಮಿಂಗ್ ಮೌಸ್ ಸೆಕೆಂಡಿಗೆ 1000 ಬಾರಿ, ಅಂದರೆ ಮಿಲಿಸೆಕೆಂಡಿಗೊಮ್ಮೆ ಕಂಪ್ಯೂಟರಿಗೆ ವರದಿ ಒಪ್ಪಿಸುತ್ತದೆ. 8000 ಹರ್ಟ್ಸ್‌ನದು 0.125 ಮಿಲಿಸೆಕೆಂಡಿಗೊಮ್ಮೆ. ಉಳಿತಾಯ ಒಂದು ಮಿಲಿಸೆಕೆಂಡೂ ಪೂರ್ತಿ ಇಲ್ಲ. ಕಂಡದ್ದಕ್ಕೆ ಬೆರಳು ಒತ್ತಲು ಮನುಷ್ಯನಿಗೆ ಸುಮಾರು 200 ಮಿಲಿಸೆಕೆಂಡು ಬೇಕು. ಈ ಮುಕ್ಕಾಲು ಚಿಲ್ಲರೆ ಮಿಲಿಸೆಕೆಂಡಿನ ಮಹಿಮೆಯನ್ನು ನಿಮಿಷಗಟ್ಟಲೆ ಕೊಂಡಾಡಿದವರು ಎಸ್‌ಎಂಪಿಎಸ್‌ನ ಹೋಲ್ಡ್ ಅಪ್ ಟೈಮ್ ಎಂಬ ಹೆಸರನ್ನೇ ಎತ್ತುವುದಿಲ್ಲ.

ಗೋಡೆಯ ಕರೆಂಟು ನಿಂತ ಕ್ಷಣದಿಂದ, ಒಳಗಿನ ದೊಡ್ಡ ಕೆಪ್ಯಾಸಿಟರ್‌ನಲ್ಲಿ ಉಳಿದ ಶಕ್ತಿಯ ಬಲದ ಮೇಲೆ ಎಸ್‌ಎಂಪಿಎಸ್ ಎಷ್ಟು ಹೊತ್ತು ಕಂಪ್ಯೂಟರನ್ನು ಬೀಳದಂತೆ ಹಿಡಿದುಕೊಳ್ಳುತ್ತದೆ ಎಂಬುದು ಆ ಅಳತೆ. ಎಸ್‌ಎಂಪಿಎಸ್ ಹೇಗಿರಬೇಕೆಂದು ಇಂಟೆಲ್ ಬರೆದಿಟ್ಟ ಎಟಿಎಕ್ಸ್ ಮಾರ್ಗಸೂಚಿ ಕೇಳುವುದು ಸುಮಾರು 16–17 ಮಿಲಿಸೆಕೆಂಡು. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತಕ್ಕೆ 20 ಮಿಲಿಸೆಕೆಂಡು, ಅಂದರೆ ಒಂದು ಆವರ್ತದಷ್ಟೂ ಅಲ್ಲ. ಆದರೆ ಸಾಮಾನ್ಯ ಯುಪಿಎಸ್ ಬ್ಯಾಟರಿಗೆ ಹೊರಳಲು ತೆಗೆದುಕೊಳ್ಳುವ ಹತ್ತರ ಆಸುಪಾಸಿನ ಮಿಲಿಸೆಕೆಂಡುಗಳನ್ನು ದಾಟಲು ಅದು ಸಾಕು. ಅಗ್ಗದ ತಯಾರಕ ಮೊದಲು ಕತ್ತರಿ ಹಾಕುವುದು ಆ ಕೆಪ್ಯಾಸಿಟರ್‌ಗೇ, ಏಕೆಂದರೆ ಅದು ದುಬಾರಿ. ‘ಯುಪಿಎಸ್ ಇದ್ದರೂ ಕರೆಂಟು ಹೋದಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ, ವಿಂಡೋಸ್ ಸರಿಯಿಲ್ಲ’ ಎಂದು ನನಗೆ ಫೋನ್ ಮಾಡುವ ಬಂಧುಗಳೇ, ಪಾಪ, ಎಲ್ಲ ಸಲವೂ ವಿಂಡೋಸ್‌ನದೇ ತಪ್ಪಲ್ಲ. ಮನೆಯ ಇನ್ವರ್ಟರ್ ಮೇಲೆ ಕಂಪ್ಯೂಟರ್ ನಡೆಸುವವರು ಅದರ ಹಿಂದಿನ ಸ್ವಿಚ್ಚು ಯುಪಿಎಸ್ ಮೋಡ್‌ನಲ್ಲಿದೆಯೇ ಎಂದೂ ಒಮ್ಮೆ ನೋಡಿ, ಬೇಗ ಹೊರಳುವುದು ಆಗಲೇ.

ದಿನಕ್ಕೆ ನಾಲ್ಕು ಬಾರಿ ಕರೆಂಟು ಕಣ್ಣು ಮಿಟುಕಿಸುವ ಊರುಗಳ ಜನರಿಗಾಗಿ ಮಾಡುವ ಕನ್ನಡದ ವಿಮರ್ಶೆಯಲ್ಲಿ ಈ ಅಂಕಿ ಮೊದಲ ಸಾಲಿನಲ್ಲಿ ಇರಬೇಡವೇ?

‘ಅಯ್ಯೋ, 80 ಪ್ಲಸ್ ಗೋಲ್ಡ್ ಇದ್ದರೆ ಸಾಕಲ್ಲ’ ಎನ್ನುವವರು ಇದ್ದೇ ಇರುತ್ತಾರೆ. ಎಸ್‌ಎಂಪಿಎಸ್ ಮೇಲಿನ ಆ ಮುದ್ರೆ ಹೇಳುವುದು ದಕ್ಷತೆಯನ್ನು, ಅಂದರೆ ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಕಂಪ್ಯೂಟರಿಗೆ ತಲುಪುತ್ತದೆ ಎಂಬುದನ್ನು. ಪ್ರಸಿದ್ಧವಾದ 115 ವೋಲ್ಟ್ ಪಟ್ಟಿಯಲ್ಲಿ ಗೋಲ್ಡ್ ಎಂದರೆ ಅರ್ಧ ಭಾರದಲ್ಲಿ ಕನಿಷ್ಠ ಶೇಕಡಾ 90. ಪರೀಕ್ಷೆ ನಡೆಯುವುದು 23 ಡಿಗ್ರಿ ತಂಪಿನಲ್ಲಿ. ರಾಯಚೂರು, ಕಲಬುರಗಿಗಳಲ್ಲಿ ಏಪ್ರಿಲ್ ತಿಂಗಳಲ್ಲಿ 23 ಡಿಗ್ರಿ ಬೇಕೆಂದರೆ ಫ್ರಿಜ್ ಬಾಗಿಲು ತೆಗೆಯಬೇಕು. ಎಸ್‌ಎಂಪಿಎಸ್ ಒಳಗಿನಂಥ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರ್‌ನ ಆಯಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್ ಓದಿದವರಿಗೆಲ್ಲ ಗೊತ್ತಿರುವ ಲೆಕ್ಕ. ವೋಲ್ಟೇಜ್ ಎಷ್ಟು ಅದುರುತ್ತದೆ, ಭಾರ ಮಿತಿಮೀರಿದರೆ ಸುರಕ್ಷಿತವಾಗಿ ಆಫ್ ಆಗುತ್ತದೆಯೇ, ಈ ಯಾವುದನ್ನೂ ಆ ಚಿನ್ನದ ಮುದ್ರೆ ಹೇಳುವುದಿಲ್ಲ.

ನಂಬಿಕೆ ಬಾರದಿದ್ದರೆ 2021 ನೆನಪಿಸಿಕೊಳ್ಳಿ. ಗಿಗಾಬೈಟ್ ಕಂಪನಿಯ ಜಿಪಿ-ಪಿ750ಜಿಎಂ, ಜಿಪಿ-ಪಿ850ಜಿಎಂ ಎಂಬ ಎಸ್‌ಎಂಪಿಎಸ್ ಮಾದರಿಗಳು ಗೋಲ್ಡ್ ಮುದ್ರೆ ಹೊತ್ತೇ ಸಿಡಿಯುತ್ತಿದ್ದವು. ಗ್ರಾಫಿಕ್ಸ್ ಕಾರ್ಡುಗಳ ಬರದ ಕಾಲ ಅದು. ಅಮೆರಿಕದಲ್ಲಿ ಕಾರ್ಡು ಬೇಕಾದರೆ ಇದನ್ನೂ ಕೊಳ್ಳಿ ಎಂದು ಕಟ್ಟಿ ಮಾರುತ್ತಿದ್ದರು. ಕಂಪ್ಯೂಟರ್ ಭಾಗಗಳನ್ನು ವಿಮರ್ಶಿಸುವ ಗೇಮರ್ಸ್ ನೆಕ್ಸಸ್ ಎಂಬ ಯೂಟ್ಯೂಬ್ ಚಾನೆಲ್ಲಿನವರು ತಾವೇ ಹಣ ಕೊಟ್ಟು ಹಲವನ್ನು ಕೊಂಡು, ಭಾರ ಹಾಕಿ, ಸಿಡಿಸಿ, ಅದನ್ನೇ ವಿಡಿಯೊ ಮಾಡಿ ಹಾಕಿದರು. ಆ ಆಗಸ್ಟ್‌ನಲ್ಲಿ ಕಂಪನಿ ಬಾಯಿ ಬಿಟ್ಟಿತು. ಅತಿಭಾರದ ರಕ್ಷಣೆ ಘೋಷಿತ ವಾಟ್‌ನ ಶೇಕಡಾ 120ರಿಂದ 150ರಲ್ಲಿ ಚಾಲೂ ಆಗುತ್ತಿದ್ದುದನ್ನು 110ರಿಂದ 120ಕ್ಕೆ ಇಳಿಸಿದ್ದೇವೆ, ಹಳೆಯದನ್ನು ಬದಲಿಸಿ ಕೊಡುತ್ತೇವೆ ಎಂದಿತು. ವಿಮರ್ಶೆ ಎಂದರೆ ಅದು. ಡಬ್ಬಿ ಬಿಚ್ಚಿ ‘ವಾವ್’ ಎನ್ನುವುದನ್ನು ನಮ್ಮ ಮೂರು ವರ್ಷದ ಮೊಮ್ಮಗಳೂ ಮಾಡುತ್ತಾಳೆ, ಸ್ಪಾನ್ಸರ್ ಇಲ್ಲದೆ.

ಒಂದು ವಾದ ನನಗೂ ಗೊತ್ತು. ಎಸ್‌ಎಂಪಿಎಸ್ ಪರೀಕ್ಷಿಸಲು ಎಲೆಕ್ಟ್ರಾನಿಕ್ ಲೋಡ್ ಬೇಕು, ಆಸಿಲೋಸ್ಕೋಪ್ ಬೇಕು, ಪವರ್ ಅನಲೈಸರ್ ಬೇಕು. ಎಲ್ಲ ಸೇರಿದರೆ ಲಕ್ಷಗಟ್ಟಲೆ. ಕನ್ನಡದ ಸಣ್ಣ ಚಾನೆಲ್ಲಿನ ಹುಡುಗ ಎಲ್ಲಿಂದ ತರುತ್ತಾನೆ? ನ್ಯಾಯವಾದ ಮಾತು. ಆದರೆ ನಾನು ಅವನಿಂದ ಪ್ರಯೋಗಾಲಯ ಕೇಳಿದೆನೇ? ಮಾದರಿಯ ಹೆಸರು ಹೇಳಲು ಆಸಿಲೋಸ್ಕೋಪ್ ಬೇಕೇ? ಲೇಬಲ್‌ಗೆ ಕ್ಯಾಮೆರಾ ಹಿಡಿದು 12 ವೋಲ್ಟ್ ಸಾಲಿನ ಆಂಪಿಯರ್ ಓದಲು ಎಷ್ಟು ಖರ್ಚು? ಎಸ್‌ಎಂಪಿಎಸ್‌ಗಳನ್ನು ಪರೀಕ್ಷಿಸುವ ಸೈಬೆನೆಟಿಕ್ಸ್ ಸಂಸ್ಥೆಯವರು 115 ಮತ್ತು 230 ವೋಲ್ಟ್ ಎರಡರಲ್ಲೂ ಅಳೆದ ವರದಿಗಳನ್ನು ಬಿಟ್ಟಿಯಾಗಿ ಇಂಟರ್ನೆಟ್ಟಿಗೆ ಹಾಕುತ್ತಾರೆ, ಹೋಲ್ಡ್ ಅಪ್ ಟೈಮ್ ಸಹಿತ. ಓದಿ ಕನ್ನಡದಲ್ಲಿ ಹೇಳಬಹುದಲ್ಲ. ಅದೂ ಬೇಡ, ‘ಇದನ್ನು ನಾನು ಪರೀಕ್ಷಿಸಿಲ್ಲ’ ಎಂಬ ಮೂರು ಪದ ಸಾಕಿತ್ತು. ‘ಒಳ್ಳೆಯದು’ ಎಂದು ಹೇಳಿಸಿದವರು ಯಾರು?

ಹೇಳಿಸಿದವರು ಯಾರೂ ಇಲ್ಲದಿರಬಹುದು. ಆದರೆ ಕಂಪನಿಗಳು ವಿಮರ್ಶೆಗೆ ಕಳುಹಿಸುವುದು ಹೊಳೆಯುವ ವಸ್ತುಗಳನ್ನೇ, ಮತ್ತು ಕಳುಹಿಸುವ ಕೈಗೆ ಹಿಂದೆಗೆಯುವುದೂ ಗೊತ್ತು. 2020ರ ಡಿಸೆಂಬರ್‌ನಲ್ಲಿ ಹಾರ್ಡ್‌ವೇರ್ ಅನ್‌ಬಾಕ್ಸ್ಡ್ ಎಂಬ ವಿಮರ್ಶೆಯ ಯೂಟ್ಯೂಬ್ ಚಾನೆಲ್ಲಿನವರು ರೇ ಟ್ರೇಸಿಂಗ್‌ಗೆ (ಆಟದಲ್ಲಿ ಬೆಳಕು-ನೆರಳನ್ನು ನಿಜದಂತೆ ಮೂಡಿಸುವ ತಂತ್ರಕ್ಕೆ) ಸಾಕಷ್ಟು ಮಹತ್ವ ಕೊಡುವುದಿಲ್ಲ ಎಂದು ಗ್ರಾಫಿಕ್ಸ್ ಕಂಪನಿ ಎನ್‌ವಿಡಿಯಾ, ತನ್ನದೇ ಹೆಸರಿನಲ್ಲಿ ಮಾರುವ ಫೌಂಡರ್ಸ್ ಎಡಿಷನ್ ಕಾರ್ಡುಗಳನ್ನು ಅವರಿಗೆ ನಿಲ್ಲಿಸಲು ಹೊರಟಿತ್ತು. ಜಗತ್ತೆಲ್ಲ ಛೀಮಾರಿ ಹಾಕಿದ ಮೇಲೆ ಕೆಲವೇ ದಿನಗಳಲ್ಲಿ ಕ್ಷಮೆ ಕೇಳಿತು. ದೊಡ್ಡವರಿಗೇ ಹೀಗಾದರೆ ನಮ್ಮ ಹುಡುಗ ಎಷ್ಟರವನು ಎಂದು ಮರುಕವೂ ಆಗುತ್ತದೆ. ಮರುಕ ಬಹಳ ಹೊತ್ತು ನಿಲ್ಲುವುದಿಲ್ಲ, ಅದು ಬೇರೆ ಮಾತು. ಆ ಬೇನಾಮಿ ಎಸ್‌ಎಂಪಿಎಸ್ ನಂಬಿ ಅಪ್ಪನ ಬೆಳೆ ಮಾರಿದ ದುಡ್ಡನ್ನು ಹಾಕುವ ಪಿಯುಸಿ ಹುಡುಗನಿಗೆ ಯಾರೂ ಉಚಿತ ಸ್ಯಾಂಪಲ್ ಕಳುಹಿಸುವುದಿಲ್ಲವಲ್ಲ.

ವಿಮರ್ಶೆ ಮೊದಲು ಹೀಗಿರಲಿಲ್ಲ. ಆನಂದ್ ಲಾಲ್ ಶಿಂಪಿ ಎಂಬ ಶಾಲಾ ಹುಡುಗ 1997ರಲ್ಲಿ ಶುರು ಮಾಡಿದ, ಕಂಪ್ಯೂಟರ್ ಭಾಗಗಳ ವಿಮರ್ಶೆಯ ಜಾಲತಾಣ ಆನಂದ್‌ಟೆಕ್ 2024ರ ಆಗಸ್ಟ್‌ನಲ್ಲಿ ಬಾಗಿಲು ಹಾಕಿತು. ಅಲ್ಲಿ ಒಂದೊಂದು ವಿಮರ್ಶೆಯೂ ಪುಟಗಟ್ಟಲೆ. ಅರ್ಧ ಅರ್ಥವಾಗುತ್ತಿರಲಿಲ್ಲ, ಆದರೂ ಕಂಪ್ಯೂಟರ್ ಅಂಗಡಿಗಳ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವ ಮುನ್ನ ಮುದ್ರಿಸಿ ಜೇಬಿನಲ್ಲಿಟ್ಟುಕೊಂಡು ಹೋಗುತ್ತಿದ್ದೆ. ಅಂಗಡಿಯವರು ನನ್ನನ್ನು ಕಂಡರೆ ಒಳಗೆ ಹೋಗುತ್ತಿದ್ದರು.

ದೀಪದ ಮೇಲೆ ಹೊಟ್ಟೆಕಿಚ್ಚೇ ಎಂದು ನೀವು ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ: ನನ್ನ ಕೀಬೋರ್ಡಿಗೂ ಬಣ್ಣದ ದೀಪವಿದೆ, ರಾತ್ರಿ ಕೋಣೆಯ ಲೈಟು ಆರಿಸಿ ಅದನ್ನು ನೋಡುತ್ತಾ ಕೂರುತ್ತೇನೆ. ಹೊಟ್ಟೆಕಿಚ್ಚು ಇರುವುದು ಹುಡುಗನ ಮೇಲೆ. ಇಷ್ಟು ವರ್ಷ ಸ್ವಂತ ದುಡ್ಡಿನಲ್ಲಿ ಕೊಂಡು, ಕೆಡಿಸಿ, ಕಲಿತ ನನಗೆ ಒಂದು ಕಂಪನಿಯೂ ಥರ್ಮಲ್ ಪೇಸ್ಟಿನ ಒಂದು ಟ್ಯೂಬು ಕೂಡ ಕಳುಹಿಸಿಲ್ಲ.

ವಿಡಿಯೊದ ಕೆಳಗೆ ‘ಎಸ್‌ಎಂಪಿಎಸ್ ಯಾವ ಮಾದರಿ?’ ಎಂದು ಸಭ್ಯವಾಗಿಯೇ ಕೇಳಿದ್ದೇನೆ. ಹುಡುಗ ಅದಕ್ಕೆ ಒಂದು ಕೆಂಪು ಹೃದಯ ಒತ್ತಿದ್ದಾನೆ, ಉತ್ತರ ಕೊಟ್ಟಿಲ್ಲ. ಹೊಸ ಕಂಪ್ಯೂಟರ್ ಕೊಳ್ಳುವವರು ಎಂದಿನಂತೆ ನನಗೆ ಪಟ್ಟಿ ಕಳುಹಿಸಿ, ನೋಡಿ ಹೇಳುತ್ತೇನೆ. ಎಸ್‌ಎಂಪಿಎಸ್ ಲೇಬಲ್ಲಿನ ಫೋಟೊ ಇಲ್ಲದ ಪಟ್ಟಿಗೆ ಮಾತ್ರ ನಾನೂ ಒಂದು ಕೆಂಪು ಹೃದಯ ಒತ್ತಿ ಸುಮ್ಮನಾಗುತ್ತೇನೆ.